ಒದ್ದೆಯಾಗದ ಕಾಲರ್

"ಬೆಲ್ಟ್ ನಿಲ್ಲಿಸು," ಎಂದಳು ಸೆಂಗಾ. ಕ್ಲೈಡ್ ನದಿಯ ಕಸವನ್ನು ಬೆಲ್ಟಿನಿಂದ ಒಳಗೆಳೆದುಕೊಳ್ಳುವ ಹೊಸ ದೋಣಿಯ ಬಾಯಿಗೆ, ಬೂದು ಕೋಟೊಂದು ಬೆನ್ನು ಮೇಲಾಗಿ ತೇಲಿ ಬರುತ್ತಿತ್ತು.

"ಬರೀ ಕೋಟು ಕಣೇ," ಎಂದ ದೋಣಿ ನಡೆಸುತ್ತಿದ್ದ ಶಗ್. "ಗ್ಲಾಸ್ಗೋ ಜನ ಸೋಫಾನೇ ನದಿಗೆ ಎಸೀತಾರೆ. ಬೆಲ್ಟ್ ಏನು ಚೆಂದಕ್ಕೆ ಇಟ್ಕೊಂಡಿದೀವಾ?" ಹಾಗೆಂದರೂ ಅವನ ಕೈ ಆಗಲೇ ಗುಂಡಿ ಒತ್ತಿತ್ತು. ಬಟ್ಟೆ ಕಂಡರೆ ಯಂತ್ರ ನಿಲ್ಲಬೇಕು, ಕೊಕ್ಕೆ ಹಾಕಬಾರದು, ಕೈಯಿಂದಲೇ ಎತ್ತಬೇಕು. ಒಳಗೆ ಯಾರಾದರೂ ಇರಬಹುದು ಎಂದು ಈ ನದಿಯ ದೋಣಿಯವರು ಹಿಂದಿನಿಂದಲೂ ಪಾಲಿಸಿಕೊಂಡು ಬಂದ ರಿವಾಜು ಅದು.

ಸೆಂಗಾ ಕೈಗವಸು ಕಳಚಿ, ಮಂಡಿಯೂರಿ, ಉಸಿರು ಬಿಗಿಹಿಡಿದು ಕೋಟಿನ ಹೆಗಲಿಗೆ ಕೈಹಾಕಿದಳು. ಅದು ಹಗುರಾಗಿ ಎದ್ದು ಬಂತು. ಒಳಗೆ ಯಾರೂ ಇರಲಿಲ್ಲ. "ನಾನು ಹೇಳ್ಲಿಲ್ವಾ? ಟೀ ತಣ್ಣಗಾಗಿದ್ದಷ್ಟೇ ಲಾಭ," ಎಂದು ಶಗ್ ನಕ್ಕ. ಸೆಂಗಾ ನಗಲಿಲ್ಲ. ಅವಳ ಬೆರಳು ಕಾಲರಿನೊಳಗೇ ನಿಂತಿತ್ತು. ಅಲ್ಲಿಗೆ ಇನ್ನೂ ನೀರೇ ತಾಗಿರಲಿಲ್ಲ. ಕೋಟು ಈಗಷ್ಟೇ ಬಿದ್ದಿತ್ತು. ಅವಳು ತಲೆಯೆತ್ತಿ, ಕೋಟು ತೇಲಿ ಬಂದ ದಿಕ್ಕಿನಲ್ಲಿದ್ದ ಸೇತುವೆಯತ್ತ ನೋಡಿದಳು.

ಕಂಬಿಯ ಹೊರಬದಿಯಲ್ಲಿ, ಬರೀ ಅಂಗಿಯಲ್ಲಿ ಮುದುಕನೊಬ್ಬ ಒಂದೇ ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದ. ಶಗ್ ಸದ್ದಿಲ್ಲದೆ ದೋಣಿಯನ್ನು ಅತ್ತ ತಿರುಗಿಸಿದ. ಸೆಂಗಾ ಎದ್ದು, ದರ್ಜಿ ಗಿರಾಕಿಗೆ ತೊಡಿಸಲು ಹಿಡಿಯುವಂತೆ ಕೋಟನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಳು.

"ಯಜಮಾನ್ರೇ, ಒಳ್ಳೇ ಕೋಟು ಇದು. ಚಳಿ ಬೇರೆ ಇದೆ. ನಾನೇ ಮೇಲೆ ತಂದ್ಕೊಡ್ತೀನಿ, ಅಲ್ಲೇ ಹಿಡ್ಕೊಂಡಿರಿ."

ಮುದುಕ ಕೋಟನ್ನೇ ನೋಡುತ್ತಿದ್ದ. ಅವನ ಇನ್ನೊಂದು ಕೈ ತಡಕಾಡಿ ಕಂಬಿ ಹಿಡಿಯಿತು.