ಹಳೆ ರೇಡಿಯೊದ ಕೊನೆಯ ನಿಮಿಷ

"ಇನ್ನೊಂದು ನಿಮಿಷ ಇದೆ ಮೇಡಂ. ಆಮೇಲೆ ಹಳೆ ರೇಡಿಯೊಗಳಿಗೆ ನಮ್ಮ ಸ್ಟೇಷನ್ ಸಿಗಲ್ಲ, ಬರೀ ಡಿಜಿಟಲ್. ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಹೇಳ್ಬಿಡಿ," ಎಂದು ಎಂಜಿನಿಯರ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಕ್ಕ.

ಉದ್ಘೋಷಕಿ ಮೈಕಿನತ್ತ ಬಾಗಿದಳು. ಅಮ್ಮ ತೀರಿಕೊಂಡ ದಿನ ತಾನು ಆಡಿದ ಒಂದು ಚುಚ್ಚುಮಾತಿಗೆ ಅಕ್ಕ ಮಾತು ಬಿಟ್ಟಿದ್ದಳು, ಫೋನೂ ಎತ್ತುತ್ತಿರಲಿಲ್ಲ. ಆದರೆ ಅಡುಗೆಮನೆಯ ಹಳೆ ರೇಡಿಯೊದಲ್ಲಿ ತಂಗಿಯ ದನಿ ಕೇಳದೆ ಒಲೆ ಹಚ್ಚುತ್ತಿರಲಿಲ್ಲವಂತೆ. "ಹೊಸದು ತರ್ತೀನಿ ಅಂದ್ರೆ ಬೇಡ ಅಂತಾಳೆ ಕಣಮ್ಮ. ನಿನ್ನಕ್ಕನ ಹಟ ನಿನಗೆ ಗೊತ್ತಿಲ್ವಾ? ಅವಳಿಗಿಂತ ಗೋಡೆನೇ ವಾಸಿ," ಎಂದಿದ್ದರು ಭಾವ.

ತಪ್ಪಾಯ್ತು ಅಕ್ಕ ಎಂಬ ಎರಡೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಊರೆಲ್ಲ ಕೇಳುತ್ತದಲ್ಲ ಎಂದು ಹಿಂಜರಿದವಳು, ಎಂದಿನಂತೆ ನಾಳೆಯ ಹವಾಮಾನ ಓದಿ ಮುಗಿಸಿದಳು. ಎಂಜಿನಿಯರ್ ಸ್ವಿಚ್ ಒತ್ತಿದ. ಮೇಜಿನ ಮೇಲಿದ್ದ ಹಳೆ ರೇಡಿಯೊ ಬುಸುಗುಟ್ಟತೊಡಗಿತು.

ಆ ಸದ್ದಿಗೆ ಅವಳು ಮತ್ತೆ ಮುಂದಕ್ಕೆ ಬಾಗಿದಳು. "ತಪ್ಪಾಯ್ತು ಅಕ್ಕ," ಎಂದಳು ಮೈಕಿಗೆ.

ಕ್ಷಣ ತಡೆದು, ಪಕ್ಕದ ಹೊಸ ಡಿಜಿಟಲ್ ರೇಡಿಯೊ ಅದನ್ನೇ ಅವಳಿಗೆ ತಿರುಗಿ ಹೇಳಿತು. "ಎಷ್ಟು ಸ್ಪಷ್ಟವಾಗಿ ಕೇಳಿಸ್ತಿದೆ ನೋಡಿ ಮೇಡಂ!" ಎಂದ ಎಂಜಿನಿಯರ್.