ಆರನೇ ನಿಲುಗಡೆ

ಊರು ತೋರಿಸುವ ಉಚಿತ ನಡಿಗೆಯ ಪಟ್ಟಿಯಲ್ಲಿ, ಬೀದಿಯವರೆಲ್ಲ ‘ಬಿಬಿಕ್’ ಅಂದರೆ ಹಿರಿಯಮ್ಮ ಎಂದು ಕರೆಯುವ ಗೆಕ್ ನಿಯೋ ತಮ್ಮ ಹೆಸರನ್ನು ‘ಮಿಸೆಸ್ ಓಂಗ್, ಈಪೋ’ ಎಂದು ಬರೆದರು. ತಲೆಗೆ ಮಗ ಮೀನು ಹಿಡಿಯಲು ಹೋಗುವಾಗ ಹಾಕುವ ಟೊಪ್ಪಿ, ಕಣ್ಣಿಗೆ ಪೊರೆ ತೆಗೆದಾಗ ಆಸ್ಪತ್ರೆಯಲ್ಲಿ ಕೊಟ್ಟ ಕಪ್ಪು ಕನ್ನಡಕ. ಇಷ್ಟಿದ್ದರೆ ಮಲಾಕ್ಕಾದಲ್ಲಿ ತಮ್ಮನ್ನು ಯಾರೂ ಗುರುತಿಸಲಾರರು ಎಂದುಕೊಂಡಿದ್ದರು. ಗುಂಪು ಸೇತುವೆ ದಾಟುವಷ್ಟರಲ್ಲಿ ಒಬ್ಬ ಸೈಕಲ್ ರಿಕ್ಷಾದವನು ಬ್ರೇಕ್ ಹಿಡಿದ.

“ಬಿಬಿಕ್, ಇದೇನು ವೇಷ? ಮನೆಗೆ ಬಿಡ್ಲಾ?”

“ನಾನು ಈಪೋದವಳು.”

“ಸರಿ, ಈಪೋದವರೇ. ನಿಮ್ಮ ಮಗ ಬೆಳಗ್ಗೆ ನನ್ನ ಗಾಳಿ ಪಂಪು ತಗೊಂಡು ಹೋದ. ವಾಪಸ್ ಕೊಡೋಕೆ ಹೇಳಿ.”

ಅವರು ಬಂದದ್ದು ಊರು ನೋಡಲಿಕ್ಕಲ್ಲ. ನಡಿಗೆಯ ಆರನೇ ನಿಲುಗಡೆ ಅವರದೇ ಮನೆ. ಅದರ ಮುಂದೆ ನಿಂತು ಮಾರ್ಗದರ್ಶಿ ಅಲೋಶಿಯಸ್ ಲಜಾರೂ ದಿನವೂ ಒಂದು ದೆವ್ವದ ಕಥೆ ಹೇಳುತ್ತಿದ್ದ. ಮೂವತ್ತೊಂಬತ್ತು ತುಂಬಿದ ಮಗನಿಗೆ ಕೊನೆಗೂ ಒಂದು ಸಂಬಂಧ ಕೂಡಿಬಂದಿತ್ತು. ಆದರೆ ಹುಡುಗಿಯ ತಾಯಿ ಇದೇ ನಡಿಗೆಗೆ ಬಂದು ಆ ಕಥೆ ಕೇಳಿ, ‘ಮದುಮಗಳನ್ನು ನುಂಗಿದ ಮನೆಗೆ ಮಗಳನ್ನು ಹೇಗೆ ಕೊಡುವುದು’ ಎಂದು ಹೇಳಿಕಳುಹಿಸಿದ್ದರು. ಕೊನೆಯ ಮಾತಿಗೆ ಭಾನುವಾರ ಬರುವವರಿದ್ದರು. ಅಷ್ಟರೊಳಗೆ ದೆವ್ವ ಜಾಗ ಖಾಲಿ ಮಾಡಬೇಕಿತ್ತು.

ಲಜಾರೂ ಮನೆಯೆದುರು ಕೆಂಪು ಛತ್ರಿ ಎತ್ತಿ ಹಿಡಿದ. “ಸಾವಿರದ ಒಂಬೈನೂರ ಐವತ್ತೇಳು. ನಾಳೆ ಮದುವೆ ಅನ್ನುವಾಗ ಈ ಮನೆಯ ಹುಡುಗಿ ಪೋ ನಿಯೋ ಒಳಗಿನ ಬಾವಿಗೆ ಹಾರಿದಳು. ಕಟ್ಟೆ ಮೇಲೆ ಸಿಕ್ಕಿದ್ದು ಒಂದೇ ಒಂದು ಮಣಿ ಚಪ್ಪಲಿ. ಈಗಲೂ ಹುಣ್ಣಿಮೆ ದಿನ ಇಲ್ಲಿ ಮಲ್ಲಿಗೆ ವಾಸನೆ ಬರುತ್ತೆ.”

“ಅದು ನನ್ನ ಬಟ್ಟೆ ಸೋಪಿನ ವಾಸನೆ,” ಎಂದರು ಈಪೋದ ಮಿಸೆಸ್ ಓಂಗ್.

ಲಜಾರೂ ಛತ್ರಿ ಮಡಚಿದ. “ಬಿಬಿಕ್, ನೀವು ಪಟ್ಟಿಯಲ್ಲಿ ಹೆಸರು ಬರೆಯುವಾಗಲೇ ನನಗೆ ಗೊತ್ತಾಯ್ತು. ಆದರೆ ಇದು ನಾನು ಕಟ್ಟಿದ ಕಥೆ ಅಲ್ಲ. ನಿಮ್ಮಜ್ಜಿ ನಮ್ಮಜ್ಜಿಗೆ ಹೇಳಿದ್ದು. ಅತ್ಕೊಂಡು ಹೇಳಿದ್ರಂತೆ.”

“ಆ ಬಾವಿಯಲ್ಲಿ ಮೊಣಕಾಲುದ್ದ ನೀರಿಲ್ಲ. ಬಾತುಕೋಳಿ ಬಿದ್ರೂ ಸಾಯಲ್ಲ.”

“ಹಾಗಾದ್ರೆ ನಿಮ್ಮತ್ತೆ ಹೋದದ್ದೆಲ್ಲಿಗೆ? ನೀವೇ ಹೇಳಿ, ನಾಳೆಯಿಂದ ಅದನ್ನೇ ಹೇಳ್ತೀನಿ.”

ನಿಜ ಏನೆಂದು ಬಿಬಿಕ್‌ಗೆ ಗೊತ್ತಿತ್ತು. ತಾಯಿ ಸಾಯುವ ಮುನ್ನ ಕಿವಿಯಲ್ಲಿ ಹೇಳಿದ್ದರು. ಸೋದರತ್ತೆ ಪೋ ನಿಯೋ, ಮದುವೆಯ ಕುರ್ಚಿಗಳನ್ನು ಹೇರಿಕೊಂಡು ಬಂದಿದ್ದ ರಿಕ್ಷಾದವನ ಜೊತೆ ಹಿತ್ತಿಲ ಬಾಗಿಲಿನಿಂದ ಓಡಿಹೋಗಿದ್ದಳು. ಚಪ್ಪಲಿಯನ್ನು ಬಾವಿಕಟ್ಟೆಯ ಮೇಲೆ ಇಟ್ಟವರು ಅಜ್ಜಿ. ಬೀಗರಿಗೆ ಮುಖ ತೋರಿಸಲು ಓಡಿಹೋದ ಮಗಳಿಗಿಂತ ಸತ್ತ ಮಗಳೇ ವಾಸಿ ಎಂದು ಆ ಮನೆ ತೀರ್ಮಾನಿಸಿತ್ತು. ಈಗ ಬೀಗರಾಗುವವರ ಮುಂದೆ ಬಿಬಿಕ್ ಕೂಡ ಅವೆರಡರಲ್ಲಿ ಒಂದನ್ನು ಆರಿಸಬೇಕಿತ್ತು. ಅವರು ಅಜ್ಜಿಯ ದಾರಿಯನ್ನೇ ಹಿಡಿದರು.

“ಹೋಗಲಿ, ದೆವ್ವ ಇರಲಿ. ಆದರೆ ಹೊಸ ಸೊಸೆಯಂದಿರ ತಂಟೆಗೆ ಬರಲ್ಲ ಅಂತ ಸೇರಿಸು. ಮಲಗುವ ಕೋಣೆ ಮಹಡಿಯಲ್ಲಿರೋದು. ಅವಳು ಮಹಡಿ ಹತ್ತಲ್ಲ. ಮಂಡಿನೋವು.”

“ಇಪ್ಪತ್ತು ವರ್ಷದ ಹುಡುಗಿಗೆ ಮಂಡಿನೋವಾ ಬಿಬಿಕ್?”

“ಅರವತ್ತೆಂಟು ವರ್ಷದಿಂದ ತಣ್ಣೀರಲ್ಲಿ ನಿಂತಿದ್ದಾಳಲ್ಲಪ್ಪ.”

ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಹಳದಿ ಅಂಗಿಯ ಹೆಂಗಸೊಬ್ಬಳು ಮಾತ್ರ ನಗಲಿಲ್ಲ. ನಲವತ್ತರ ಆಸುಪಾಸಿನವಳು, ಐದು ನಿಲುಗಡೆಗಳಲ್ಲೂ ಒಂದು ಮಾತೂ ಆಡಿರಲಿಲ್ಲ.

“ಅವರನ್ನ ಯಾರೂ ಹುಡುಕಲೇ ಇಲ್ವಾ?” ಎಂದು ಕೇಳಿದಳು. “ಅವರಿದ್ದ ಮೂವಾರ್ ಊರು ಇಲ್ಲಿಂದ ಬಸ್ಸಲ್ಲಿ ಒಂದೇ ಗಂಟೆ. ಪೋ ನಿಯೋ ನನ್ನ ಅಜ್ಜಿ. ಏಳು ಮಕ್ಕಳು. ಹೋದ ವರ್ಷ ತೀರಿಕೊಂಡ್ರು, ಎಂಬತ್ತೇಳು ಆಗಿತ್ತು. ಈ ಬಾಗಿಲು ನೋಡ್ಕೊಂಡು ಹೋಗೋಣ ಅಂತ ಬಂದೆ. ಒಬ್ಬಳೇ ಬಂದು ತಟ್ಟೋಕೆ ಧೈರ್ಯ ಆಗಲಿಲ್ಲ. ಅದಕ್ಕೇ ಇವರ ಜೊತೆ ಸೇರ್ಕೊಂಡೆ.”

ಲಜಾರೂ ಬಿಬಿಕ್ ಮುಖ ನೋಡಿದ. ಎದುರು ಮನೆಯ ಕಿಟಕಿಯೊಂದು ಸದ್ದಿಲ್ಲದೆ ತೆರೆದುಕೊಂಡಿತು. ‘ನೀನು ಹೇಳುವುದು ಬೇರೆ ಯಾರದೋ ಮನೆ ಕಥೆ ಕಣಮ್ಮ’ ಎಂದು ಒಂದು ಮಾತು ಹೇಳಿದರೆ ಎಲ್ಲ ಮೊದಲಿನಂತೆ ಉಳಿಯುತ್ತಿತ್ತು. ಬಿಬಿಕ್ ಕಪ್ಪು ಕನ್ನಡಕ ತೆಗೆದು ಆ ಹೆಂಗಸಿನ ಹಣೆ, ಮೂಗು, ಗಲ್ಲಗಳನ್ನು ಒಂದೊಂದಾಗಿ ನೋಡಿದರು.

“ಲಜಾರೂ, ಭಾನುವಾರ ಹುಡುಗಿ ಕಡೆಯವರು ಬಂದಾಗ ಛತ್ರಿ ಎತ್ತಿ ಜೋರಾಗಿ ಹೇಳು. ಹಿತ್ತಿಲಿಂದ ಓಡಿಹೋದಳು, ಏಳು ಹೆತ್ತಳು, ಎಂಬತ್ತೇಳು ವರ್ಷ ಬದುಕಿದಳು ಅಂತ.”

“ಸಂಬಂಧ ಮುರಿದುಬಿದ್ರೆ?”

“ಬೀಳಲಿ. ನನ್ನ ಮಗನೂ ಯಾರ ಜೊತೆಗಾದ್ರೂ ಓಡಿಹೋಗ್ಲಿ. ಮೂವತ್ತೊಂಬತ್ತಕ್ಕೆ ಯಾರು ಬೆನ್ನಟ್ಟಿ ಬರ್ತಾರೆ?”

ಆಮೇಲೆ ಹೆಂಗಸಿನ ಕೈಹಿಡಿದು ಹೊಸ್ತಿಲು ದಾಟಿಸಿದರು. ಒಳಗೆ ಬಂದ ಮೇಲೆ ದನಿ ತಗ್ಗಿತು. “ವರ್ಷಾ ವರ್ಷಾ ಅವಳ ಫೋಟೋ ಮುಂದೆ ಎಡೆ ಇಡ್ತಾ ಬಂದಿದ್ದೀವಿ. ಮೊದಲು ಅಮ್ಮ, ಆಮೇಲೆ ನಾನು. ಕೋಳಿ ಸಾರು, ಹಂದಿಮಾಂಸ, ಮೂರು ತರದ ಸಿಹಿ. ಸತ್ತಿಲ್ಲ ಅಂತ ಗೊತ್ತಿದ್ದೇ ಇಟ್ಟೆ. ನಿಲ್ಲಿಸಿದ್ರೆ ಬೀದಿಯವರು ಯಾಕೆ ಅಂತ ಕೇಳ್ತಿದ್ರು. ಬದುಕಿದ್ದವಳಿಗೆ ಅದೆಲ್ಲ ತಲುಪಿರುತ್ತಾ?”

ಆಕೆ ಅಜ್ಜಿಯ ಫೋಟೋ ಕಡೆ ನೋಡಿದಳು.

“ತಲುಪಿದೆ ಅನ್ಸುತ್ತೆ ದೊಡ್ಡಮ್ಮ. ಕೊನೆಕೊನೆಗೆ ಅಜ್ಜಿಗೆ ಎಷ್ಟು ಮೈ ಬಂದಿತ್ತು ಅಂದ್ರೆ, ಮಂಚದಿಂದ ಎಬ್ಬಿಸೋಕೆ ನಾಲ್ಕು ಜನ ಬೇಕಾಗ್ತಿತ್ತು.”