ಹದಿನೇಳನೇ ಪೋರ್ಟ್

ಹೆರಿಗೆ ವಾರ್ಡಿನ ಹದಿನೇಳನೇ ಪೋರ್ಟನ್ನು ಮುಚ್ಚುವ ಕಮಾಂಡ್ ಟೈಪ್ ಮಾಡಿಯಾಗಿತ್ತು; ಎಂಟರ್ ಒತ್ತುವುದೊಂದೇ ಬಾಕಿ. ಆಸ್ಪತ್ರೆಯ ನೆಟ್‌ವರ್ಕಿನಲ್ಲಿ ಎಲ್ಲಿ ಎಷ್ಟು ಡೇಟಾ ಹರಿಯುತ್ತಿದೆಯೆಂದು ತಿಳಿಯಲು ಟೆಕ್ನಿಷಿಯನ್ ಬೆಳಗ್ಗೆಯಿಂದ ವಾರ್ಡುಗಳಿಗೆ ಸಂಪರ್ಕ ಕೊಡುವ ಒಂದೊಂದೇ ಪೋರ್ಟಿಗೆ ನಿಗಾ ಇಡುವ ಸೆಟ್ಟಿಂಗ್ ಹಾಕುತ್ತಿದ್ದಳು. ಇದೊಂದು ಮಾತ್ರ ಬಿಡುವಿಲ್ಲದೆ ಡೇಟಾ ನುಂಗುತ್ತಿತ್ತು. “ಯಾರೋ ಸಿನಿಮಾ ನೋಡ್ತಿರ್ಬೇಕು, ಮುಚ್ಚಿಬಿಡಮ್ಮ,” ಎಂದಿದ್ದರು ಮೇಲಧಿಕಾರಿ ಫೋನಿನಲ್ಲಿ. ಮುಚ್ಚುವ ಮೊದಲು ಒಂದು ಮಾತು ಹೇಳೋಣವೆಂದು ಅವಳು ಲ್ಯಾಪ್‌ಟಾಪ್ ಹಿಡಿದೇ ವಾರ್ಡಿಗೆ ಹೋದಳು.

ಮಂಚದ ಮೇಲೆ ಬಾಣಂತಿಗೆ ಗಾಢ ನಿದ್ದೆ. ದಿಂಬಿಗೆ ಒರಗಿಸಿಟ್ಟ ಟ್ಯಾಬಿನಲ್ಲಿ ಕೆಳಗಿನ ಮಹಡಿಯ ಶಿಶು ಐಸಿಯುವಿನಿಂದ ನೇರ ವೀಡಿಯೊ: ಗಾಜಿನ ಪೆಟ್ಟಿಗೆ, ಅದರೊಳಗೆ ದಿನ ತುಂಬದೆ ಹುಟ್ಟಿದ ಅಂಗೈಯಗಲದ ಮಗು.

“ಮಲಗಿದಾರಲ್ಲ ಸಿಸ್ಟರ್, ಆಫ್ ಮಾಡ್ಬಹುದಲ್ವಾ?”

“ಬೇಡ ಅಂದಿದಾಳೆ,” ನರ್ಸ್ ದನಿ ತಗ್ಗಿಸಿದಳು. “ಹುಟ್ಟಿ ಮೂರು ದಿನ ಆಯ್ತು, ಮಗು ಇನ್ನೂ ಕಣ್ಣು ಬಿಟ್ಟಿಲ್ಲ. ಬಿಟ್ಟಾಗ ಯಾರಾದ್ರೂ ನೋಡ್ತಿರ್ಬೇಕಂತೆ.”

ಟೆಕ್ನಿಷಿಯನ್ ಕೈಯಲ್ಲಿದ್ದ ಫೋನ್ ಅದುರಿತು. ಮೇಲಧಿಕಾರಿ. “ಮುಚ್ಚಿದ್ಯೇನಮ್ಮಾ?”

“ಇಲ್ಲ ಸಾರ್.” ಅವಳು ಲ್ಯಾಪ್‌ಟಾಪ್ ಮಡಚಿಟ್ಟು, ಸದ್ದಾಗದಂತೆ ಸ್ಟೂಲನ್ನು ಟ್ಯಾಬಿನ ಎದುರಿಗೆ ಎಳೆದುಕೊಂಡಳು. “ಅವರು ಏಳೋವರೆಗೂ ನಾನು ನೋಡ್ತಿರ್ತೀನಿ.”